ದೊಡ್ಡ ತಲೆಯ ಇರುವೆಗೆ ಸಿಪಾಯಿ ಅಂದವರು ಯಾರು?

ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನ ಸಮಾಧಿಯ ಹತ್ತಿರದ ಆಲದ ಮರಕ್ಕೆ ಜನ ತೊಟ್ಟಿಲು ಕಟ್ಟುತ್ತಾರೆ. ರಾಯಣ್ಣನಂಥ ಮಗ ಹುಟ್ಟಲಿ ಎಂಬ ಹರಕೆ ಅದು. ಕಳೆದ ಜನವರಿಯಲ್ಲಿ ಊರಿಗೆ ಹೋದಾಗ ನಮ್ಮ ಓಣಿಯ ಕಾಕಾ ಒಬ್ಬರ ಜೊತೆ ಆ ಮರದ ನೆರಳಲ್ಲಿ ಕೂತಿದ್ದೆ. ಯಾರೋ ಚೆಲ್ಲಿ ಹೋಗಿದ್ದ ಚುರಮುರಿಗೆ ಇರುವೆ ಮುತ್ತಿದ್ದವು. ಕಂದು ಬಣ್ಣದ, ಸಾಸಿವೆಗಿಂತ ಅಷ್ಟೇನೂ ದೊಡ್ಡದಲ್ಲದ ಇರುವೆಗಳು. ಅವುಗಳ ನಡುವೆ ಅಲ್ಲೊಂದು ಇಲ್ಲೊಂದು ದೊಡ್ಡ ಇರುವೆ. ಮೈಗಿಂತ ತಲೆಯೇ ಭಾರ ಎನ್ನಿಸುವಂಥವು.

ಕಾಕಾ ಸ್ವಲ್ಪ ಹೊತ್ತು ನೋಡಿ ಹೇಳಿದರು: "ನೋಡವಾ, ಇರಬ್ಯಾಗೂ ಜಾತಿ ಅದಾವ. ದೊಡ್ಡ ತಲೀದು ಸಿಪಾಯಿ, ಸಣ್ಣದು ಹಮಾಲ. ಹುಟ್ಟಿದಾಗನ ಕೆಲಸ ಬರದಿರತೈತಿ. ನಾವಷ್ಟ ಮಾಡೀವಿ ಅಂತ ಎಲ್ಲಾರೂ ನಮ್ಮನ್ನ ಬೈತಾರ."

ನಾನು ಏನೂ ಹೇಳಲಿಲ್ಲ. ಹೇಳಲು ಬಾಯಿ ಬರಲಿಲ್ಲ ಎನ್ನುವುದೇ ಸರಿ. 19ನೇ ಶತಮಾನದಲ್ಲಿ ಬಾಂಬೆ ಪ್ರೆಸಿಡೆನ್ಸಿಯ ಅಧಿಕಾರಿಗಳು ಇಲ್ಲಿನ ಹಕ್ಕಿ, ಹುಳು, ಗಿಡಗಳ ಬಗ್ಗೆ ಬರೆದದ್ದರ ಚರಿತ್ರೆ ನನ್ನ ಪಿಎಚ್.ಡಿ. ವಿಷಯ. ಅದರಲ್ಲೊಂದು ಅಧ್ಯಾಯ ಇರುವೆಗಳದ್ದು. ಆ ಅಧ್ಯಾಯದ ಕನ್ನಡ ರೂಪದಲ್ಲಿ ನಾನೇ ನನ್ನ ಕೈಯಾರೆ 'ಸೈನಿಕ ಜಾತಿ', 'ಕೆಲಸಗಾರ ಜಾತಿ' ಎಂದು ಬರೆದಿದ್ದೆ. ಇಂಗ್ಲಿಷಿನ ಪುಸ್ತಕಗಳಲ್ಲಿ 'ಕಾಸ್ಟ್' ಎಂದಿತ್ತು, ನಾನು ಜಾತಿ ಎಂದೆ. ಕಾಕಾ ಹೇಳಿದ ಮಾತೂ ನಾನು ಬರೆದ ಮಾತೂ ಒಂದೇ ಆಗಿತ್ತು. ಈ ಮಾತು ಇರುವೆಯ ಗೂಡಿಗೆ ಹೋದದ್ದು ಹೇಗೆ ಎಂದು ಹುಡುಕಲು ಹೊರಟದ್ದು ಅಂದಿನಿಂದ.

ಮೊದಲು ಇರುವೆಗಳನ್ನೇ ನೋಡೋಣ. ಖಾನಾಪುರದ ಕಡೆ ಮನೆಯಂಗಳದಿಂದ ಕಾಡಿನವರೆಗೆ ನಡೆದರೆ ಗಾತ್ರಭೇದದ ಹಲವು ಮಾದರಿ ಸಿಗುತ್ತವೆ. ಆಲದ ಮರದಡಿ ನಾವು ನೋಡಿದ್ದು ಫೀಡೋಲೆ ಎಂಬ ಕುಲದ್ದು. ಇದರಲ್ಲಿ ಸಾಮಾನ್ಯವಾಗಿ ಎರಡೇ ಅಳತೆ, ನಡುವಿನದು ಇಲ್ಲ. ಗೋಡೆಯ ಮೇಲೆ ಓಡಾಡುವ ದೊಡ್ಡ ಕರಿ ಇರುವೆ, ಅಂದರೆ ಗೊದ್ದ, ಹಾಗಲ್ಲ. ಅದರ ಒಂದೇ ಗೂಡಿನಲ್ಲಿ ಸಣ್ಣದರಿಂದ ಎರಡು ಪಟ್ಟು ಉದ್ದದ್ದರವರೆಗೆ ಮೆಟ್ಟಿಲು ಮೆಟ್ಟಿಲಾಗಿ ಎಲ್ಲ ಅಳತೆಯವೂ ಇರುತ್ತವೆ. ಮಾವಿನ ಎಲೆ ಸೇರಿಸಿ ಗೂಡು ಹೊಲಿಯುವ ಕೆಂಜಿಗದಲ್ಲಿ ಮತ್ತೆ ಎರಡು ಅಳತೆ. ದೊಡ್ಡವು ಹೊರಗೆ ತಿರುಗುತ್ತವೆ, ಬೇಟೆಯಾಡುತ್ತವೆ, ಎಲೆ ಎಳೆದು ಹಿಡಿಯುತ್ತವೆ, ಮರಿಹುಳುವನ್ನು ಬಾಯಲ್ಲಿ ಕಚ್ಚಿಕೊಂಡು ಅದರ ನೂಲಿನಿಂದ ಎಲೆ ಅಂಟಿಸುತ್ತವೆ. ಸಣ್ಣವು ಹೆಚ್ಚಾಗಿ ಗೂಡಿನೊಳಗೇ ಉಳಿದು ಮರಿ ಸಾಕುತ್ತವೆ.

ಈ ಎಲ್ಲದರಲ್ಲೂ ಒಂದು ಸಂಗತಿ ಸಮಾನ. ನಾವು ಸಿಪಾಯಿ ಎನ್ನುವುದೂ ಹೆಣ್ಣು, ಹಮಾಲ ಎನ್ನುವುದೂ ಹೆಣ್ಣು. ರಾಣಿ ಒಬ್ಬಳೇ ಇರುವ ಗೂಡಿನಲ್ಲಿ ಅವೆಲ್ಲ ಒಬ್ಬ ತಾಯಿಯ ಮಕ್ಕಳು. ಕೆಂಜಿಗದ ಗೂಡುಗಳ ಗಡಿಯಲ್ಲಿ ಕಾವಲಿಗೆ ನಿಲ್ಲುವುದು ಹೆಚ್ಚಾಗಿ ವಯಸ್ಸಾದ ಅಕ್ಕಂದಿರು. ಮೀಸೆಯ ಸಿಪಾಯಿಯ ಚಿತ್ರ ಅಲ್ಲಿಗೆ ಹೊಂದುವುದೇ ಇಲ್ಲ.

ಹಾಗಾದರೆ ಆ ಚಿತ್ರ ತಂದವರು ಯಾರು?

ನಮ್ಮ ಸೀಮೆಯ ಇರುವೆಗಳ ಬಗ್ಗೆ ಪಾಶ್ಚಾತ್ಯ ವಿಜ್ಞಾನದ ರೀತಿಯಲ್ಲಿ ಮೊದಮೊದಲು ಬರೆದವರಲ್ಲಿ ಒಬ್ಬ ವಿಲಿಯಂ ಹೆನ್ರಿ ಸೈಕ್ಸ್. ಕಂಪನಿಯ ಸೇನಾಧಿಕಾರಿ. 1824ರಲ್ಲಿ ಬಾಂಬೆ ಸರ್ಕಾರ ಅವನನ್ನು ದಖ್ಖನ್ನಿನ ಅಂಕಿಅಂಶ ವರದಿಗಾರನನ್ನಾಗಿ ನೇಮಿಸಿತು. ಅದೇ 1824ರ ಅಕ್ಟೋಬರಿನಲ್ಲಿ ಕಿತ್ತೂರಿನ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ. ಸೈಕ್ಸ್ ತನ್ನ ಕೆಲಸ ಮುಗಿಸಿದ್ದು 1831ರಲ್ಲಿ. ಆ ವರ್ಷದ ಜನವರಿ 26ರಂದು ನಂದಗಡದಲ್ಲಿ ರಾಯಣ್ಣನನ್ನು ಗಲ್ಲಿಗೆ ಹಾಕಿದರು. ಈ ಎರಡು ಘಟನೆಗೂ ಸೈಕ್ಸನಿಗೂ ನೇರ ಸಂಬಂಧವಿಲ್ಲ. ಆದರೆ ಕಂಪನಿ ಸರ್ಕಾರ ಈ ಭಾಗದ ಜನ, ಜಮೀನು, ಬೆಳೆ, ದನಕರುಗಳನ್ನು ಎಣಿಸಿ ಪಟ್ಟಿ ಮಾಡುತ್ತಿದ್ದ ಕಾಲ ಅದು. ಇರುವೆಯೂ ಪಟ್ಟಿಗೆ ಬಂತು.

ಸೈಕ್ಸನ ಲೇಖನ 1835ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಅದರಲ್ಲಿ ಎರಡು ಸೊಗಸಾದ ಕಥೆಗಳಿವೆ. ಒಂದು, ಪುಣೆಯ ಬಯಲಿನಲ್ಲಿ ಮಳೆಗೆ ನೆಂದ ಹುಲ್ಲಿನ ಬೀಜವನ್ನು ಇರುವೆಗಳು ಗೂಡಿನಿಂದ ಹೊರತಂದು ಬಿಸಿಲಿಗೆ ಒಣಹಾಕಿದ್ದು. ನಮ್ಮ ಅಜ್ಜಿಯರು ಜೋಳವನ್ನು ಮಾಳಿಗೆಯ ಮೇಲೆ ಹರವಿದ ಹಾಗೆ. ಇನ್ನೊಂದು ದೊಡ್ಡ ಕರಿ ಇರುವೆಯದು. ಇರುವೆ ಹತ್ತದಿರಲೆಂದು ಮೇಜಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿಟ್ಟು ಸಿಹಿ ತಿಂಡಿ ಇಟ್ಟಿದ್ದರಂತೆ. ಇರುವೆ ಪಕ್ಕದ ಗೋಡೆ ಹತ್ತಿ, ಮೇಜಿಗಿಂತ ಎತ್ತರಕ್ಕೆ ಹೋಗಿ, ಅಲ್ಲಿಂದ ತಿಂಡಿಯ ಮೇಲೆ ಧುಮುಕಿತು. ಮೊದಲನೆಯದಕ್ಕೆ ಅವನು 'ಮುಂದಾಲೋಚನೆಯುಳ್ಳದ್ದು' ಎಂಬ ಅರ್ಥದ, ಎರಡನೆಯದಕ್ಕೆ 'ದಣಿವರಿಯದ್ದು' ಎಂಬ ಅರ್ಥದ ಲ್ಯಾಟಿನ್ ಹೆಸರಿಟ್ಟ. ಒಳ್ಳೆಯ ಆಳಿಗೆ ಕೊಡುವ ಶಿಫಾರಸು ಪತ್ರದ ಭಾಷೆ ಅದು.

ನಂತರ ಬಂದವನು ಮದ್ರಾಸ್ ಕಡೆಯ ಸೇನಾ ವೈದ್ಯ ಥಾಮಸ್ ಜೆರ್ಡನ್. ದಕ್ಷಿಣ ಭಾರತದ ಇರುವೆಗಳ ಅವನ ಪಟ್ಟಿ 1851ರದು. ಅದರಲ್ಲಿ ಒಂದಕ್ಕೆ ಅವನಿಟ್ಟ ಹೆಸರು 'ಡೈವರ್ಸಾ', ಅಂದರೆ ಬಗೆಬಗೆಯದು. ಹೆಸರು ಸಾರ್ಥಕವಾಯಿತು. 1980ರ ದಶಕದಲ್ಲಿ ಮಾರ್ಕ್ ಮಾಫೆಟ್ ಎಂಬ ವಿಜ್ಞಾನಿ ಅಳೆದು ನೋಡಿದಾಗ ಆ ಇರುವೆಯ ಒಂದೇ ಗೂಡಿನಲ್ಲಿ ಅತಿ ದೊಡ್ಡದರ ಒಣ ತೂಕ ಅತಿ ಸಣ್ಣದರ 500 ಪಟ್ಟು ಇತ್ತು. ತಲೆಯ ಅಗಲ ಹತ್ತು ಪಟ್ಟು. ಸಣ್ಣವು ದೊಡ್ಡದರ ಬೆನ್ನು, ತಲೆಗಳ ಮೇಲೆ ಕೂತು ಸವಾರಿ ಮಾಡುತ್ತವೆ. ದೊಡ್ಡವು ದಾರಿಗೆ ಅಡ್ಡಬಿದ್ದ ಕಡ್ಡಿ ಕಸ ಸರಿಸುತ್ತವೆ, ಗಟ್ಟಿ ಬೀಜ ಒಡೆಯುತ್ತವೆ. ಮರ ಎಳೆಯುವ ಆನೆಗೂ ಅವಕ್ಕೂ ಹೋಲಿಕೆ ಕೊಡಬಹುದೇ ಹೊರತು ಸಿಪಾಯಿಗಲ್ಲ.

1883ರಲ್ಲಿ ಮುಂಬೈಯಲ್ಲಿ ಎಂಟು ಜನ ಸೇರಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಕಟ್ಟಿದರು. ಅವರಲ್ಲೊಬ್ಬ ಇ.ಎಚ್. ಐಟ್ಕನ್, ನಮ್ಮ ಘಟ್ಟದ ಕೆಳಗೆ ಕಾರವಾರದಲ್ಲಿ ಸುಂಕ ಮತ್ತು ಉಪ್ಪಿನ ಇಲಾಖೆಯಲ್ಲಿ ಕೆಲಸ ಮಾಡಿದವನು. ಅರಣ್ಯ ಅಧಿಕಾರಿ ರಾಬರ್ಟ್ ರಾಟನ್ 1892ರಲ್ಲಿ ಸೊಸೈಟಿಯ ಪತ್ರಿಕೆಗೆ 'ನಮ್ಮ ಇರುವೆಗಳು' ಎಂಬ ತಲೆಬರಹದಲ್ಲಿ ಬರೆದ. ಈ ಅಧಿಕಾರಿಗಳು ಹಿಡಿದ ಇರುವೆಗಳು ಸ್ವಿಟ್ಜರ್ಲೆಂಡಿನ ಆಗಸ್ಟ್ ಫೊರೆಲ್‌ಗೆ ಹೋಗುತ್ತಿದ್ದವು. ಅದೇ 1892ರಿಂದ ಎರಡು ದಶಕ ಫೊರೆಲ್ ಭಾರತ ಮತ್ತು ಸಿಂಹಳದ ಇರುವೆಗಳನ್ನು ಆ ಪತ್ರಿಕೆಯಲ್ಲೇ ಫ್ರೆಂಚ್ ಭಾಷೆಯಲ್ಲಿ ವರ್ಣಿಸಿದ. 1903ರಲ್ಲಿ ಬಿಂಗಮ್ ಎಲ್ಲವನ್ನೂ ಒಂದು ಸಂಪುಟಕ್ಕೆ ತಂದ. ಅಲ್ಲಿಗೆ 'ದೊಡ್ಡ ಕೆಲಸಗಾರ', 'ಸಣ್ಣ ಕೆಲಸಗಾರ', 'ಸೈನಿಕ' ಎಂಬ ಮಾತುಗಳು ಅಚ್ಚಿನಲ್ಲಿ ಗಟ್ಟಿಯಾದವು.

ಫೊರೆಲ್‌ನ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಅವನು ಜ್ಯೂರಿಕ್ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥನಾಗಿದ್ದವನು. ಇರುವೆಯ ಮಟ್ಟಿಗೆ ಅವನ ಕೆಲಸಕ್ಕೆ ಇಂದಿಗೂ ಬೆಲೆಯಿದೆ. ಸ್ವಿಟ್ಜರ್ಲೆಂಡಿನ ಸಾವಿರ ಫ್ರಾಂಕಿನ ನೋಟಿನ ಒಂದು ಬದಿಗೆ ಅವನ ಮುಖ, ಇನ್ನೊಂದು ಬದಿಗೆ ಇರುವೆಗಳನ್ನು ಮುದ್ರಿಸಿದ್ದರು. ಆದರೆ ಮನುಷ್ಯರಲ್ಲಿ ಕೆಲವರ ವಂಶ ಬೆಳೆಯಬೇಕು, ಕೆಲವರದು ಬೆಳೆಯಬಾರದು ಎಂದು ಬಲವಾಗಿ ನಂಬಿ ಬರೆದವನೂ ಅವನೇ. ನಮ್ಮ ಇರುವೆಗಳ ಗಾತ್ರ, ಕೆಲಸಗಳನ್ನು ಓದಿದ ಕಣ್ಣು ಮನುಷ್ಯರ ಹುಟ್ಟನ್ನೂ ಹಾಗೆ ತೂಗಿ ನೋಡುತ್ತಿತ್ತು.

ಇನ್ನು 'ಕಾಸ್ಟ್' ಎಂಬ ಪದಕ್ಕೆ ಬರುತ್ತೇನೆ. ಇದರ ಮೂಲ ಪೋರ್ಚುಗೀಸರ 'ಕಾಸ್ತಾ'. ತಳಿ, ವಂಶ ಎಂಬರ್ಥ. ದನಕುದುರೆಗಳ ತಳಿಗೂ ಅದೇ ಪದ ನಡೆಯುತ್ತಿತ್ತು. 1510ರಲ್ಲಿ ಗೋವೆ ಹಿಡಿದ ಪೋರ್ಚುಗೀಸರು ಇಲ್ಲಿನ ಜಾತಿಗಳನ್ನು ಕಂಡು ಅವಕ್ಕೂ ಅದೇ ಪದ ಹಚ್ಚಿದರು. ನಂದಗಡದಿಂದ ಗೋವೆಯ ಗಡಿ ದೂರವೇನಲ್ಲ. ಖಾನಾಪುರ ತಾಲ್ಲೂಕು ಅದಕ್ಕೆ ತಾಗಿಯೇ ಇದೆ. ಆ ಕಡಲ ತೀರದಿಂದ ಹೊರಟ ಪದ ಇಂಗ್ಲಿಷಿಗೆ ಹೋಯಿತು, ಅಲ್ಲಿ ಹುಳುಗಳನ್ನು ಓದುವವರ ಕೈಗೆ ಸಿಕ್ಕಿತು, ಇರುವೆಯ ಗೂಡು ಸೇರಿತು. ಕೊನೆಗೆ ನನ್ನಂಥವರ ಅನುವಾದದಲ್ಲಿ 'ಜಾತಿ'ಯಾಗಿ ಊರಿಗೆ ವಾಪಸು ಬಂತು. ಬರುವಾಗ ವಿಜ್ಞಾನದ ಮುದ್ರೆ ಒತ್ತಿಸಿಕೊಂಡು ಬಂತು. ಕಾಕಾ ಓದಿದ್ದು ನಾಲ್ಕನೇ ಇಯತ್ತೆ. ಆದರೆ ಅವರ ಮಾತಿಗೆ ಆಧಾರ ಕೇಳಿದರೆ ನನ್ನ ಅಧ್ಯಾಯವನ್ನೇ ತೋರಿಸಬಹುದಿತ್ತು.

1859ರಲ್ಲಿ ಡಾರ್ವಿನ್ ಬರೆದ ಪುಸ್ತಕದಲ್ಲೂ ಈ ಪದ ಇದೆ. ಅವನಿಗೆ ಇರುವೆ ದೊಡ್ಡ ತಲೆನೋವಾಗಿತ್ತು. ಕೆಲಸಗಾರ ಇರುವೆಗೆ ಮಕ್ಕಳಾಗುವುದಿಲ್ಲ, ಅಂದಮೇಲೆ ಅದರ ದೊಡ್ಡ ದವಡೆ ಮುಂದಿನ ಪೀಳಿಗೆಗೆ ದಾಟುವುದು ಹೇಗೆ? ತನ್ನ ಇಡೀ ಸಿದ್ಧಾಂತಕ್ಕೇ ಇದು ಕುತ್ತು ಎಂದು ಅವನಿಗೆ ಮೊದಲು ಅನ್ನಿಸಿತ್ತು. ಆಫ್ರಿಕಾದ ಒಂದು ಇರುವೆಯ ಗಾತ್ರಭೇದವನ್ನು ಓದುಗರಿಗೆ ತೋರಿಸಲು ಅವನು ಮನೆ ಕಟ್ಟುವ ಗೌಂಡಿಗಳ ಹೋಲಿಕೆ ಕೊಟ್ಟ. ಹಲವರು ಐದು ಅಡಿ ನಾಲ್ಕು ಇಂಚು, ಹಲವರು ಹದಿನಾರು ಅಡಿ. ದೊಡ್ಡವರ ತಲೆ ಮೂರಲ್ಲ, ನಾಲ್ಕು ಪಟ್ಟು ದೊಡ್ಡದು. ದವಡೆ ಹತ್ತಿರ ಹತ್ತಿರ ಐದು ಪಟ್ಟು. ಅವನ ಉತ್ತರ ರೈತರಿಗೆ ಬೇಗ ಅರ್ಥವಾಗುವಂಥದ್ದು. ರುಚಿಯಾದ ಬದನೆಕಾಯಿಯನ್ನು ನಾವು ಪಲ್ಯ ಮಾಡಿ ತಿನ್ನುತ್ತೇವೆ, ಆ ಕಾಯಿಯ ಕಥೆ ಅಲ್ಲಿಗೆ ಮುಗಿಯಿತು. ಆದರೆ ಬೀಜಕ್ಕೆ ಬಿಟ್ಟ ಕಾಯಿ ಅದೇ ಗಿಡದ್ದಾದರೆ ರುಚಿ ಮುಂದುವರಿಯುತ್ತದೆ. ಆಯ್ಕೆ ನಡೆಯುವುದು ಒಂಟಿ ಇರುವೆಯ ಮೇಲಲ್ಲ, ಕುಟುಂಬದ ಮೇಲೆ.

ಇಷ್ಟಾದರೂ ಒಂದು ಪ್ರಶ್ನೆ ಉಳಿಯಿತು. ಒಂದೇ ತಾಯಿಯ ಮೊಟ್ಟೆಗಳಲ್ಲಿ ಒಂದು ದೊಡ್ಡ ತಲೆಯದಾಗಿ ಇನ್ನೊಂದು ಸಣ್ಣದಾಗಿ ಬೆಳೆಯುವುದು ಏಕೆ? 1893ರಲ್ಲಿ ಇದರ ಮೇಲೆ ದೊಡ್ಡ ಜಗಳವೇ ನಡೆಯಿತು. ಜರ್ಮನಿಯ ವೈಸ್‌ಮನ್ ಅದು ಬೀಜದಲ್ಲೇ ಅಡಗಿದೆ ಎಂಬ ಪಕ್ಷ. ಇಂಗ್ಲೆಂಡಿನ ಹರ್ಬರ್ಟ್ ಸ್ಪೆನ್ಸರ್ ಅದು ತಿನ್ನಿಸಿದ ಅನ್ನದಲ್ಲಿದೆ ಎಂಬ ಪಕ್ಷ. ತಮಾಷೆಯೆಂದರೆ, ಬಲವಿದ್ದವನು ಬದುಕುತ್ತಾನೆ ಎಂದು ಲೋಕ ನೆನಪಿಟ್ಟುಕೊಂಡಿರುವ ಮಾತು ಸ್ಪೆನ್ಸರನದೇ.

ಇರುವೆಯ ವಿಷಯದಲ್ಲಿ ಅನ್ನದ ಪಕ್ಷವೇ ಹೆಚ್ಚು ಗೆದ್ದಿತು. ಫೀಡೋಲೆಯ ಮರಿಹುಳುವಿಗೆ ಬೆಳೆಯುವ ಒಂದು ಹಂತದಲ್ಲಿ ಪುಷ್ಟಿಯಾದ ಆಹಾರ ಸಿಕ್ಕರೆ ಅದರ ಮೈಯಲ್ಲಿ ಒಂದು ಹಾರ್ಮೋನು ಮಿತಿ ದಾಟುತ್ತದೆ. ಆಗ ಅದು ದೊಡ್ಡ ತಲೆಯ ಇರುವೆಯಾಗುತ್ತದೆ. ಸಿಗದಿದ್ದರೆ ಸಣ್ಣದು. ಗೂಡಿನಲ್ಲಿ ದೊಡ್ಡವು ಆಗಲೇ ಸಾಕಷ್ಟಿದ್ದರೆ ಅವುಗಳ ಮೈವಾಸನೆಯೇ ಹೊಸ ದೊಡ್ಡವು ಹುಟ್ಟದಂತೆ ತಡೆಯುತ್ತದೆ. 2012ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಅಬೂಹೈಫ್ ಮತ್ತು ರಾಜಕುಮಾರ್ ತಂಡ ಇನ್ನೂ ಮುಂದೆ ಹೋಯಿತು. ಅತಿದೊಡ್ಡ ತಲೆಯವು ಸಾಮಾನ್ಯವಾಗಿ ಹುಟ್ಟದ ಬಗೆಯ ಫೀಡೋಲೆಯ ಮರಿಹುಳುಗಳಿಗೆ ಆ ಹಾರ್ಮೋನಿನಂಥದ್ದನ್ನು ಹಚ್ಚಿದಾಗ ಅಲ್ಲೂ ಅತಿದೊಡ್ಡವು ಎದ್ದುಬಂದವು. ಇದಕ್ಕೆ ಅಪವಾದಗಳಿವೆ. ಕೆಲವು ಎಲೆಕತ್ತರಿ ಇರುವೆಗಳಲ್ಲಿ ತಂದೆಯ ಕಡೆಯ ವಂಶವೂ ಗಾತ್ರದ ಮೇಲೆ ಪ್ರಭಾವ ಬೀರುತ್ತದೆ. ಆದರೆ ಹಣೆಯಲ್ಲಿ ಬರೆದುಕೊಂಡೇ ಮೊಟ್ಟೆಯಿಂದ ಹೊರಬರುತ್ತದೆ ಎಂಬ ಮಾತು ಫೀಡೋಲೆಗೆ ಒಪ್ಪುವುದಿಲ್ಲ.

ಬೆಳೆದ ಮೇಲಾದರೂ ಕೆಲಸ ಕಟ್ಟಿಟ್ಟದ್ದೇ? ಅದೂ ಪೂರ್ತಿ ಅಲ್ಲ. 1984ರಲ್ಲಿ ಎಡ್ವರ್ಡ್ ವಿಲ್ಸನ್ ಫೀಡೋಲೆ ಗೂಡುಗಳಿಂದ ಸಣ್ಣ ಇರುವೆಗಳನ್ನು ತೆಗೆದು ನೋಡಿದ. ಸಾಮಾನ್ಯವಾಗಿ ಮರಿಗಳ ಹತ್ತಿರ ಸುಳಿಯದ ದೊಡ್ಡ ತಲೆಯವು ತಡಮಾಡದೆ ಮರಿ ಸಾಕುವ ಕೆಲಸಕ್ಕೆ ನಿಂತವು. ಸಣ್ಣವುಗಳಷ್ಟು ಚುರುಕಾಗಿ ಅಲ್ಲ, ಆದರೂ ನಿಂತವು. ಇನ್ನು ಆ ದೊಡ್ಡ ತಲೆ ಇರುವುದಾದರೂ ಯಾತಕ್ಕೆ? ಅದರೊಳಗೆ ತುಂಬಿರುವುದು ದವಡೆಯ ಸ್ನಾಯು. ಬೀಜ ಕೂಡಿಡುವ ಎಷ್ಟೋ ಫೀಡೋಲೆಗಳಲ್ಲಿ ಆ ದವಡೆ ಬೀಜ ಒಡೆದು ನುಚ್ಚು ಮಾಡುತ್ತದೆ. ವೈರಿ ಬಂದಾಗ ಕಚ್ಚುವುದೂ ಹೌದು. ಸೇನೆಯವರು ಕಂಡರು, ಸೈನಿಕ ಎಂದರು. ಬೀಸುಕಲ್ಲಿನ ಮುಂದೆ ಕೂತು ಹಿಟ್ಟು ಮಾಡಿದ ನಮ್ಮ ಅಜ್ಜಿ ಮೊದಲು ಕಂಡಿದ್ದರೆ ಬೀಸುವಾಕಿ ಎನ್ನುತ್ತಿದ್ದಳೇನೋ.

ಇಲ್ಲಿ ನನಗೆ ಮತ್ತೆ ರಾಯಣ್ಣ ನೆನಪಾಗುತ್ತಾನೆ. ಅವನು ಕಿತ್ತೂರಿನ ಶೇತ್ಸನದಿ. ಶೇತ ಎಂದರೆ ಹೊಲ, ಸನದು ಎಂದರೆ ಅಪ್ಪಣೆಯ ಪತ್ರ. ಊರ ಕಾವಲಿಗೆ, ಕರೆ ಬಂದರೆ ಯುದ್ಧಕ್ಕೆ ಹೋಗುವ ಕರಾರಿನ ಮೇಲೆ ಹೊಲ ಪಡೆದವನು. ಮಿಕ್ಕ ದಿನ ಒಕ್ಕಲುತನ. ಹಾಗಾದರೆ ಅವನು ರೈತನೋ ಸಿಪಾಯಿಯೋ? ಎರಡೂ. ಅವನನ್ನು ಸಿಪಾಯಿ ಮಾಡಿದ್ದು ಮೈಕಟ್ಟಲ್ಲ, ಹೊಲದ ಮೇಲಿನ ಒಪ್ಪಂದ. ಕಂಪನಿಯ ಕಂದಾಯದ ಲೆಕ್ಕಕ್ಕೆ ಇಂಥವರು ಸಿಗಲಿಲ್ಲ. ಹೊಲ ಕಿತ್ತರು, ಉಳಿದದ್ದಕ್ಕೆ ತೆರಿಗೆ ಹೇರಿದರು. ರಾಯಣ್ಣನ ಬಂಡಾಯದ ಹಿಂದೆ ಕಿತ್ತೂರಿನ ಅಭಿಮಾನದ ಜೊತೆಗೆ ಈ ಹೊಲದ ನೋವೂ ಇತ್ತು.

ಇದೇ ತಾಲ್ಲೂಕಿನ ಕಕ್ಕೇರಿಯಲ್ಲಿ ಡೋಹರ ಕಕ್ಕಯ್ಯನ ಸಮಾಧಿ ಇದೆ. ಚರ್ಮ ಹದ ಮಾಡುವ ಕಾಯಕದ ಶರಣ. ಕಲ್ಯಾಣದ ಕ್ರಾಂತಿಯ ನಂತರ ಉಳವಿಯ ದಾರಿಯಲ್ಲಿ ವಚನದ ಕಟ್ಟುಗಳನ್ನು ಉಳಿಸಲು ಕಾದಾಡಿ ಐಕ್ಯನಾದ ಎಂಬುದು ಇಲ್ಲಿನ ಪ್ರತೀತಿ. ಚರ್ಮದ ಕೆಲಸದವನು ಓದನ್ನು ಕಾಯಲು ಕತ್ತಿ ಹಿಡಿದ. ಹುಟ್ಟಿಗೂ ಕೆಲಸಕ್ಕೂ ಗಂಟು ಹಾಕುವವರಿಗೆ ನಮ್ಮ ತಾಲ್ಲೂಕಿನ ನೆಲವೇ ಬಹಳ ಹಿಂದಿನಿಂದ ಬೇರೆ ಕಥೆ ಹೇಳುತ್ತಿದೆ. ಅದನ್ನು ಹೇಳಲು ಇರುವೆಯ ಸಾಕ್ಷಿ ಬೇಕಿಲ್ಲ.

ಹಾಗೆಂದು ಇರುವೆಯಿಂದ ಸಮಾನತೆಯ ಪಾಠ ತೆಗೆದರೂ ಅದು ಫೊರೆಲ್ ಮಾಡಿದ ತಪ್ಪಿನ ಇನ್ನೊಂದು ಮಗ್ಗುಲು. ಬಹಳಷ್ಟು ಇರುವೆ ಗೂಡುಗಳಲ್ಲಿ ಮೊಟ್ಟೆಯಿಡುವ ಅವಕಾಶ ರಾಣಿಗಷ್ಟೇ. ಹಾಗಲ್ಲದ್ದೂ ಇದೆ. ಜೆರ್ಡನ್ 1851ರಲ್ಲೇ ಹೆಸರಿಟ್ಟ ನೆಗೆಯುವ ಇರುವೆಯ ಬದುಕನ್ನು 1990ರ ದಶಕದಲ್ಲಿ ಪೀಟರ್ಸ್, ಹೋಲ್ಡೋಬ್ಲರ್ ಮೊದಲಾದವರು ನಮ್ಮ ಜೋಗದ ಬಳಿಯ ಗೂಡುಗಳಿಂದ ಅರಿತರು. ಅಲ್ಲಿ ರಾಣಿಗೂ ಕೆಲಸಗಾರಳಿಗೂ ಗಾತ್ರದಲ್ಲಿ ಹೆಚ್ಚು ಅಂತರವಿಲ್ಲ. ರಾಣಿ ಸತ್ತರೆ ಕೆಲಸಗಾರರು ಮೀಸೆಯಿಂದ ಮೀಸೆಗೆ ಹೊಡೆದಾಡಿ, ಗೆದ್ದ ಕೆಲವರು ಮೊಟ್ಟೆಯಿಡತೊಡಗುತ್ತಾರೆ. ಅವರ ಮೆದುಳು ಕುಗ್ಗುತ್ತದೆ, ಆಯುಷ್ಯ ಹೆಚ್ಚುತ್ತದೆ. ಮತ್ತೆ ಕೆಲಸಗಾರಳ ಸ್ಥಿತಿಗೆ ತಂದರೆ ಮೆದುಳು ಮೊದಲಿನಷ್ಟಾಗುತ್ತದೆ ಎಂದು 2021ರಲ್ಲಿ ತೋರಿಸಿದರು. ಇದನ್ನು ಪ್ರಜಾಪ್ರಭುತ್ವ ಎನ್ನಲೇ, ಕುಸ್ತಿ ಎನ್ನಲೇ? ಇರುವೆ ಇರುವೆಯೇ. ಅದರ ಗೂಡಿಗೆ ನಾವು ಕಳಿಸಿದ ಪದಗಳು ಮಾತ್ರ ನಮ್ಮವು, ಅವುಗಳ ಲೆಕ್ಕ ನಾವೇ ಕೊಡಬೇಕು.

ಯುಗಾದಿಗೆ ಮತ್ತೆ ಊರಿಗೆ ಹೋದಾಗ ಕಾಕಾಗೆ ಇಷ್ಟನ್ನೂ ಹೇಳಿದೆ. ಚಹಾ ಮುಗಿಯುವವರೆಗೆ ಸುಮ್ಮನೆ ಕೇಳಿದರು.

"ಹಂಗಾರ ಎಲ್ಲಾ ಒಬ್ಬಾಕಿ ಮಕ್ಕಳು. ಉಣಿಸಿದ್ದರ ಮ್ಯಾಲೆ ಐತಿ ಅನ್ನು."

"ಹೂಂ ಕಾಕಾ, ಬಾಳಷ್ಟು ಅದರ ಮ್ಯಾಲೇ."

"ಮತ್ತ ಯಾರಿಗೆ ಎಷ್ಟ ಉಣಿಸಬೇಕು ಅಂತ ಹೇಳಾವ್ರು ಯಾರು? ರಾಣೀನೋ?"

ರಾಣಿ ಅಲ್ಲ, ಅವಳು ಬರೀ ಮೊಟ್ಟೆಯಿಡುತ್ತಾಳೆ, ಉಣಿಸುವುದು ಅಕ್ಕಂದಿರು, ಗೂಡಿನಲ್ಲಿ ಏನು ದಾಸ್ತಾನಿದೆ, ಯಾರು ಎಷ್ಟಿದ್ದಾರೆ ಎಂಬುದರ ಮೇಲೆ ಅದು ನಡೆಯುತ್ತದೆ, ಹೇಳುವವರು ಒಬ್ಬರಿಲ್ಲ ಎಂದೆ. ಕಾಕಾ ತಲೆಯಾಡಿಸಿದರು. ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ನಮ್ಮಲ್ಲಿ ಹೇಳಾವ್ರು ಇದ್ರು" ಎಂದಷ್ಟೇ ಅಂದರು.

ಆ ರಾತ್ರಿ ಅಧ್ಯಾಯವನ್ನು ತೆಗೆದು 'ಜಾತಿ' ಎಂಬ ಪದ ಬಂದಲ್ಲೆಲ್ಲ ಹೊಡೆದುಹಾಕಿದೆ. ಬದಲಿಗೆ 'ದೊಡ್ಡ ಅಳತೆಯ ಕೆಲಸಗಾರ', 'ಸಣ್ಣ ಅಳತೆಯ ಕೆಲಸಗಾರ' ಎಂದು ಬರೆದೆ. ವಾಕ್ಯ ಉದ್ದವಾಯಿತು. ಹಳೆಯ ಅಧಿಕಾರಿಗಳ ಮಾತನ್ನು ಹೇಳಬೇಕಾದಲ್ಲಿ ಮಾತ್ರ ಆ ಪದವನ್ನು ಉಳಿಸಿ, ಅದು ಯಾರ ಪದ, ಯಾವ ವರ್ಷದ್ದು ಎಂದು ಪಕ್ಕದಲ್ಲಿ ಬರೆದಿದ್ದೇನೆ.